ಕಿತ್ತೂರು ನಾಡಿನಾಗ ಮೊದಲ ದಿನ: ಎರಡೇ ಊರು, ಒಂದೇ ಎಳೆ

📍 ಭಾಗ 1/8: ಅವಸರ ಬ್ಯಾಡ್ರಿ

ಹೋದ ಸರಣಿ ಮುಗಿದ ಮ್ಯಾಲೆ ನಿಮ್ಮಲ್ಲಿ ಭಾಳ ಮಂದಿ ಕೇಳಿದ್ದು ಒಂದೇ ಪ್ರಶ್ನೆ. "ಬೆಂಗಳೂರಿಂದ ಬರ್ತೀವಿ, ಕೈಯಾಗ ಒಂದೇ ದಿನ ಐತಿ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಲ್ಲಾ ಆಗ್ತೈತೇನ್ರಿ?"

ಆಗ್ತೈತ್ರಿ. ಗಾಡಿ ಓಡಿಸಿದರ ಆಗ್ತೈತಿ. ನೋಡಿದಂಗ ಮಾತ್ರ ಆಗೂದಿಲ್ಲ.

ದೊಡ್ಡ ನಗರಕ್ಕೆ ಹೊಸದಾಗಿ ಹೋದವರು ಮೊದಲ ದಿನವೇ ಹತ್ತು ಜಾಗದ ಪಟ್ಟಿ ಹಿಡಿದು ಹೊರಡುತ್ತಾರೆ. ಸಂಜೆಗೆ ಕಾಲು ನೋಯುತ್ತವೆ, ಫೋನಿನ ತುಂಬ ಫೋಟೊ ಇರುತ್ತವೆ, ಯಾವುದು ಯಾಕೆ ಅಲ್ಲಿತ್ತು ಅನ್ನೋದು ನೆನಪಿರುವುದಿಲ್ಲ. ಹಳೆಯ ರಾಜಧಾನಿಗಳ ವಿಷಯದಲ್ಲೂ ಹಿಂಗ ಆಗ್ತದ. ಕಿತ್ತೂರು ಇವತ್ತು ಹೆದ್ದಾರಿ ಪಕ್ಕದ ಒಂದು ತಾಲ್ಲೂಕು ಊರು. ಆದರೆ 200 ವರ್ಷಗಳ ಹಿಂದೆ ಅದೊಂದು ಸಂಸ್ಥಾನದ ರಾಜಧಾನಿ. ಅದನ್ನ ರಾಜಧಾನಿ ಅಂತನೇ ನೋಡಬೇಕಾದರ ಸಮಯ ಬೇಕು.

ಅದಕ್ಕ ಈ ಸರಣಿಯಲ್ಲಿ ಒಂದು ದಿನದ ಯೋಜನೆ ಕೊಡ್ತೀನಿ. ಊರು ಎರಡೇ: ಬೆಳಿಗ್ಗೆ ಕಿತ್ತೂರು, ಸಂಜೆ ಬೈಲಹೊಂಗಲ. ನಡುವೆ ಮಲಪ್ರಭೆ ಮತ್ತು ಸಂಗೊಳ್ಳಿ. ಇವನ್ನೆಲ್ಲ ಜೋಡಿಸುವ ಎಳೆಯೂ ಒಂದೇ, ಒಂದು ದತ್ತು ಪತ್ರ. ಆ ಎಳೆ ಸವದತ್ತಿ, ರಾಮದುರ್ಗದ ಕಡೆಗೂ ಹೋಗುತ್ತದೆ. ಆದರೆ ಅದು ಎರಡನೇ ದಿನದ ಮಾತು.

ಪೋಸ್ಟ್ ಉಳಿಸಿಕೊಳ್ರಿ. ಊರಿಗೆ ಬಂದಾಗ ಒಂದೊಂದೇ ಭಾಗ ಓದ್ಕೋತ ನಡೀರಿ.

📍 ಭಾಗ 2/8: ಬೆಳಿಗ್ಗೆ, ಬಿಸಿಲು ಏರೂದ್ರೊಳಗ

ಕಿತ್ತೂರು ಬೆಳಗಾವಿ ಮತ್ತು ಧಾರವಾಡದ ನಡುವೆ, ಹೆದ್ದಾರಿ ಮೇಲೇ ಐತಿ. ಬೆಳಗಾವಿಯಿಂದ ಸುಮಾರು 50 ಕಿಲೋಮೀಟರ್, ಧಾರವಾಡದಿಂದ ಅದಕ್ಕಿಂತ ಹತ್ತಿರ. ಸ್ವಂತ ಗಾಡಿ ಇಲ್ಲಂದ್ರೂ ಚಿಂತಿಲ್ಲ, ಕೆಂಪು ಬಸ್ಸು ಸಿಗ್ತಾವು. ಕೋಟೆಯೊಳಗೆ ನೆರಳು ಕಡಿಮೆ, ಆದ್ದರಿಂದ ಬೆಳಿಗ್ಗೆ ಬೇಗ ಹೋಗ್ರಿ. ನೀರಿನ ಬಾಟಲಿ, ತಲೆಗೊಂದು ಟೊಪ್ಪಿಗೆ ಇರಲಿ. ಚಹಾ ಕುಡಿದು, ಹೊಟ್ಟೆಗೆ ಒಂದಿಷ್ಟು ಹಾಕ್ಕೊಂಡೇ ಒಳಗ ಹೋಗ್ರಿ.

ಕಿತ್ತೂರು ದೇಸಾಯರ ಮನೆತನದ ಮೊದಲ ಠಾಣೆ ಕಿತ್ತೂರಲ್ಲ, ಬೈಲಹೊಂಗಲದ ಕಡೆಯ ಸಂಪಗಾಂವಿ. ಬಿಜಾಪುರದ ಆದಿಲಶಾಹಿ ಸೈನ್ಯದ ಜೊತೆ ಬಂದ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಅಣ್ಣತಮ್ಮಂದಿರಿಂದ ಮನೆತನ ಶುರುವಾಯಿತು ಅಂತ ಪರಂಪರೆ ಹೇಳುತ್ತದೆ. ಮುಂದೆ ಅಲ್ಲಪ್ಪಗೌಡ ಸರದೇಸಾಯಿ ಕಾಲಕ್ಕೆ ಆಡಳಿತ ಕಿತ್ತೂರಿಗೆ ಬಂತು, ಕೋಟೆ ಎದ್ದಿತು.

ಕೋಟೆಯೊಳಗಿನ ವಾಡೆ ಈಗ ಪಾಳುಗೋಡೆ ಮಾತ್ರ. ಮೊದಲ ಸಲ ಬಂದವರು "ಇಷ್ಟೇನಾ?" ಅಂತಾರ. ಅಲ್ಲೇ ಸ್ವಲ್ಪ ನಿಲ್ರಿ. ಗೋಡೆಯ ದಪ್ಪ ನೋಡ್ರಿ. ಕೋಣೆಯಿಂದ ಕೋಣೆಗೆ ನಡೆದು, ಅಡುಗೆಮನೆ ಎಲ್ಲಿ, ಜಳಕದ ಮನೆ ಎಲ್ಲಿ, ನೀರು ಎಲ್ಲಿಂದ ಎಲ್ಲಿಗೆ ಹರೀತಿತ್ತು ಅಂತ ಹುಡುಕ್ರಿ. ಒಂದು ಗೋಡೆಯಲ್ಲಿ ಓರೆಯಾಗಿ ಕೂಡಿಸಿದ ಕೊಳವಿ ಐತಿ, ಅದರೊಳಗಿಂದ ಧ್ರುವ ನಕ್ಷತ್ರ ನೋಡ್ತಿದ್ದರು. ನಮ್ಮ ಈ ಅಕ್ಷಾಂಶದಲ್ಲಿ ಧ್ರುವ ನಕ್ಷತ್ರ ಉತ್ತರದ ಅಂಚಿನಿಂದ ಬರೇ 15–16 ಡಿಗ್ರಿ ಮೇಲೆ ಕಾಣುತ್ತದೆ. ಅದೇ ಲೆಕ್ಕಕ್ಕೆ ಕೊಳವಿಯ ಓರೆ ಕೂಡಬೇಕು. ಗೋಡೆ ಕಟ್ಟಿದವರಿಗೆ ಆಕಾಶದ ಲೆಕ್ಕವೂ ಗೊತ್ತಿತ್ತು.

ಕೋಟೆ ಆವರಣದಲ್ಲೇ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ ಐತಿ. ಸುತ್ತಲಿನ ಊರುಗಳಿಂದ ತಂದ ಮೂರ್ತಿ, ಶಿಲ್ಪ, ಆಯುಧ ಅಲ್ಲಿ ಅದಾವು. ರಜೆ ದಿನ ಯಾವುದು ಅಂತ ಹೊರಡೂಕಿಂತ ಮೊದಲ ಕೇಳಿಕೊಳ್ರಿ.

📍 ಭಾಗ 3/8: ದತ್ತು ಪತ್ರ

ವಾಡೆಯ ಕಟ್ಟೆ ಮ್ಯಾಲೆ ಕುಂತು ಈ ಭಾಗ ಓದ್ರಿ. ಮುಂದಿನದೆಲ್ಲ ಇಲ್ಲಿಂದಲೇ ಶುರು.

ಚನ್ನಮ್ಮ ಹುಟ್ಟಿದ್ದು ಬೆಳಗಾವಿ ಹತ್ತಿರದ ಕಾಕತಿಯಲ್ಲಿ. ಗಂಡ ಕಿತ್ತೂರಿನ ದೇಸಾಯಿ ಮಲ್ಲಸರ್ಜ. ಪೇಶ್ವೆ ಎರಡನೇ ಬಾಜೀರಾಯ ಅವನನ್ನು ಸೆರೆಯಲ್ಲಿ ಇಟ್ಟಿದ್ದ. 1816ರಲ್ಲಿ ಮಲ್ಲಸರ್ಜ ತೀರಿಕೊಂಡ. ಆಮೇಲೆ ಪಟ್ಟಕ್ಕೆ ಬಂದವನು ಅವನ ಹಿರಿಯ ಹೆಂಡತಿಯ ಮಗ ಶಿವಲಿಂಗರುದ್ರಸರ್ಜ.

1818ರಲ್ಲಿ ಪೇಶ್ವಾಯಿ ಬಿತ್ತು. ಆ ಹೊತ್ತಿನಲ್ಲಿ ಕಿತ್ತೂರು ನಿಂತದ್ದು ಇಂಗ್ಲಿಷರ ಕಡೆಗೆ. ಬೆಳಗಾವಿ ಕೋಟೆಯ ಮುತ್ತಿಗೆಯಲ್ಲಿ ದೇಸಾಯಿ ಅವರಿಗೆ ನೆರವಾದ, ಅವರೂ ಅವನ ಸಂಸ್ಥಾನವನ್ನು ಅವನಿಗೇ ಉಳಿಸಿಕೊಟ್ಟರು. ಇದನ್ನ ನಾವು ಭಾಷಣಗಳಾಗ ಹೇಳೂದಿಲ್ಲ. ಹೇಳಬೇಕು. ಮುಂದಿನ ಸಿಟ್ಟಿಗೆ ಇದೂ ಒಂದು ಕಾರಣ.

1824ರ ಸೆಪ್ಟೆಂಬರ್‌ನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮೊದಲು ಸಂಬಂಧಿಕರ ಮನೆಯ ಹುಡುಗನನ್ನು ದತ್ತು ತಗೊಂಡ, ಹುಡುಗನಿಗೆ ಶಿವಲಿಂಗಪ್ಪ ಅಂತ ಹೆಸರಿಟ್ಟರು. ಧಾರವಾಡದ ಕಲೆಕ್ಟರ್ ಮತ್ತು ಪೊಲಿಟಿಕಲ್ ಏಜೆಂಟ್ ಸೇಂಟ್ ಜಾನ್ ಥ್ಯಾಕರೆಗೆ ಈ ದತ್ತಿನ ಮೇಲೇ ಸಂಶಯ. ಪತ್ರದ ಮೇಲಿನ ಸಹಿ ದೇಸಾಯಿದೇ ಹೌದೋ ಅಲ್ಲೋ, ಬದುಕಿದ್ದಾಗ ಮಾಡಿದ್ದೋ ಇಲ್ಲೋ ಅಂತ ತಕರಾರು ತೆಗೆದ. ಪುಣೆಯ ಕಮಿಷನರ್ ಚಾಪ್ಲಿನ್‌ಗೆ ಬರೆದ. ಉತ್ತರಕ್ಕೆ ಕಾಯದೆ ಖಜಾನೆಗೆ ಮುದ್ರೆ ಹಾಕಿಸಿ, ಕಾವಲು ಕೂಡಿಸಿದ.

ಚನ್ನಮ್ಮ ಮೊದಲು ಖಡ್ಗ ಹಿಡಿಯಲಿಲ್ಲ, ಕಾಗದ ಬರೆಸಿದಳು. ಚಾಪ್ಲಿನ್‌ಗೂ, ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್‌ಗೂ ಮನವಿ ಹೋದವು. ಫಲ ಸಿಗಲಿಲ್ಲ. ನಮ್ಮ ಪಟಗಳಲ್ಲಿ ಆಕಿ ಯಾವಾಗಲೂ ಕುದುರಿ ಮ್ಯಾಲೆ ಇರ್ತಾಳ. ಅರ್ಜಿ ಬರೆಸಿ, ಉತ್ತರಕ್ಕಾಗಿ ಕಾಯುತ್ತ ಇದೇ ವಾಡೆಯಲ್ಲಿ ಕುಂತ ಚನ್ನಮ್ಮನನ್ನೂ ಒಮ್ಮೆ ನೆನಸಿಕೊಳ್ರಿ.

📍 ಭಾಗ 4/8: 1 ದಿನ, 43 ದಿನ

ಈಗ ಎದ್ದು ಕೋಟೆ ಬಾಗಿಲ ಕಡೆ ಬರ್ರಿ.

1824ರ ಅಕ್ಟೋಬರ್ 23. ಕೋಟೆಯ ಬಾಗಿಲು ಒಳಗಿನಿಂದ ಮುಚ್ಚಿತ್ತು. ಹೊರಗೆ ಥ್ಯಾಕರೆಯ ದಂಡು, ತೋಪು. ಬಾಗಿಲು ತೆರೆಯದಿದ್ದರೆ ಒಡೆಯುತ್ತೇವೆ ಅಂತ ಎಚ್ಚರಿಕೆ ಹೋಯಿತು. ಬಾಗಿಲು ತೆರೆಯಿತು, ಆದರೆ ಹೊರಗೆ ಬಂದದ್ದು ಕಿತ್ತೂರಿನ ದಂಡು. ಥ್ಯಾಕರೆ ಅಲ್ಲೇ ಬಿದ್ದ. ಗುಂಡು ಹೊಡೆದವನು ಅಮಟೂರು ಬಾಳಪ್ಪ ಅಂತ ಈ ನಾಡಿನ ಜನ ಹೇಳ್ತಾರ. ಕ್ಯಾಪ್ಟನ್ ಬ್ಲ್ಯಾಕ್ ಮೊದಲಾದ ಅಧಿಕಾರಿಗಳೂ ಸತ್ತರು. ಥ್ಯಾಕರೆಯ ಇಬ್ಬರು ಸಹಾಯಕರು, ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್ಸನ್, ಸೆರೆ ಸಿಕ್ಕರು.

ಸತ್ತ ಥ್ಯಾಕರೆ ಯಾರು ಅಂತೀರಿ? ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆ ಇದ್ದಾನಲ್ಲ, ಅವನ ಚಿಕ್ಕಪ್ಪ. ಆಗ ಆ ಹುಡುಗನಿಗೆ 13 ವರ್ಷ.

ಕಿತ್ತೂರು ಉತ್ಸವ ಪ್ರತಿವರ್ಷ ಅಕ್ಟೋಬರ್ 23ರಿಂದ ಮೂರು ದಿನ ನಡೆಯುವುದು ಇದೇ ವಿಜಯದ ನೆನಪಿಗೆ. 2024ಕ್ಕೆ 200 ವರ್ಷ ತುಂಬಿದವು. ಉತ್ಸವ ನೋಡಬೇಕಂದ್ರ ಆ ದಿನ ಬರ್ರಿ, ಊರು ಜಾತ್ರಿ ಆಗಿರ್ತದ. ನಿಧಾನವಾಗಿ ಕೋಟೆ ನೋಡಬೇಕಂದ್ರ ಆ ಮೂರು ದಿನ ಬಿಟ್ಟು ಬರ್ರಿ.

ಆ ವಿಜಯದ ನಂತರ ಏನಾಯಿತು ಅನ್ನುವಲ್ಲಿಗೆ ನಮ್ಮ ಕಥೆಗಳು ತಡವರಿಸುತ್ತವೆ. ಸೆರೆಯಾಳುಗಳನ್ನು ಕೊಂದು ಸೇಡು ತೀರಿಸಿಕೊಳ್ಳಲಿಲ್ಲ. ಮಾತುಕತೆ ನಡೆಯಿತು, ಎಲಿಯಟ್ ಮತ್ತು ಸ್ಟೀವನ್ಸನ್ ಇಬ್ಬರನ್ನೂ ಡಿಸೆಂಬರ್ ಆರಂಭದಲ್ಲಿ ಜೀವಂತ ಬಿಟ್ಟುಕೊಟ್ಟರು. ಆದರೂ ಬೇರೆ ಬೇರೆ ಕಡೆಯಿಂದ ಬಂದ ದೊಡ್ಡ ದಂಡು ಕೋಟೆಗೆ ಮುತ್ತಿಗೆ ಹಾಕಿತು. ಈ ಕಾಳಗದಲ್ಲಿ ಸೊಲ್ಲಾಪುರದ ಸಬ್ ಕಲೆಕ್ಟರ್ ಮುನ್ರೊ ಸತ್ತ. ಅವನು ಮದರಾಸಿನ ಗವರ್ನರ್ ಥಾಮಸ್ ಮುನ್ರೊನ ಸಂಬಂಧಿ. ಡಿಸೆಂಬರ್ 5ಕ್ಕೆ ಕೋಟೆ ಅವರ ಕೈಸೇರಿತು.

ಅಕ್ಟೋಬರ್ 23ರಿಂದ ಡಿಸೆಂಬರ್ 5, ಲೆಕ್ಕ ಹಾಕ್ರಿ: 43 ದಿನ. ಆ 43 ದಿನ ಈ ಊರು ಗೆದ್ದ ಊರು. ರಾತ್ರಿ ಕಾವಲಿನವರು ಈ ಕೋಟೆಗೋಡೆ ಮ್ಯಾಲೆ ನಿಂತು ಯಾವ ದಾರಿಯಿಂದ ದಂಡು ಬರ್ತದೋ ಅಂತ ನೋಡುತ್ತಿದ್ದ ದಿನಗಳು ಅವು.

📍 ಭಾಗ 5/8: ಊಟ, ನದಿ, ಸಂಗೊಳ್ಳಿ

ಹೊತ್ತು ಏರಿರ್ತದ, ಹಸಿವಾಗಿರ್ತದ. ಹತ್ತಿರದ ಖಾನಾವಳಿಯೊಳಗ ಕುಂಡ್ರಿ. ಜ್ವಾಳದ ರೊಟ್ಟಿ, ಎಣಿಗಾಯಿ, ಝುಣಕಾ, ಶೇಂಗಾ ಹಿಂಡಿ, ಮೊಸರು. ಉಂಡು ಅರ್ಧ ತಾಸು ಸುಮ್ನ ಕುಂತರೂ ನಡೀತದ.

ಇನ್ನೂ ಹುರುಪು ಇದ್ದವರು ಕಿತ್ತೂರಿಗೆ ಹತ್ತಿರದ ದೇಗಾಂವಿಗೆ ಒಂದು ಸುತ್ತು ಹೋಗಿಬರ್ರಿ. ಅಲ್ಲಿನ ಕಮಲನಾರಾಯಣ ಗುಡಿ 12ನೇ ಶತಮಾನದ್ದು. ಗೋವೆಯ ಕದಂಬರ ರಾಜ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದ್ದು. ಶಿಲ್ಪಿಯ ಹೆಸರು ತಿಪ್ಪೋಜ. ಕಿತ್ತೂರು ಕೋಟೆಗಿಂತ ನಾನೂರಕ್ಕೂ ಹೆಚ್ಚು ವರ್ಷ ಹಳೆಯದಾದರೂ ಗುಡಿ ಗಟ್ಟಿಯಾಗಿ ನಿಂತೈತಿ. ಗುಡಿಯನ್ನ ಜನ ಬಳಸ್ಕೋತ ಬಂದರು, ವಾಡೆಯೊಳಗ ಉಳಿಯೋರು ಯಾರೂ ಉಳೀಲಿಲ್ಲ.

ಊಟದ ನಂತರ ಬೈಲಹೊಂಗಲದ ಕಡೆ ಹೊರಡ್ರಿ. ನಡುವೆ ಮಲಪ್ರಭೆ ದಾಟಬೇಕು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸಂಗೊಳ್ಳಿ, ಸವದತ್ತಿ, ರಾಮದುರ್ಗದ ಕಡೆ ಹಾದು ಕೂಡಲಸಂಗಮಕ್ಕೆ ಹೋಗುವ ನದಿ ಇದು. ಈ ಸರಣಿಯ ಊರುಗಳನ್ನೆಲ್ಲ ಒಂದು ದಾರದಲ್ಲಿ ಪೋಣಿಸಿದ್ದು ಇದೇ.

ದಾರಿಯಲ್ಲಿ ಸಂಗೊಳ್ಳಿ, ರಾಯಣ್ಣನ ಊರು. ರಾಯಣ್ಣ ಶೇತಸನದಿ ಮನೆತನದವನು. ಊರ ಕಾವಲು, ಸರಕಾರಿ ಚಾಕರಿ ಮಾಡುವುದು, ಅದಕ್ಕೆ ಬದಲಾಗಿ ಇನಾಮು ಹೊಲ ಉಣ್ಣುವುದು ಶೇತಸನದಿಗಳ ಪದ್ಧತಿ. ಕಿತ್ತೂರು ಬಿದ್ದ ಮೇಲೆ ಕಂಪನಿ ಸರಕಾರ ಆ ಹೊಲಗಳಿಗೆ ಕೈಹಾಕಿತು. ಕೆಲವನ್ನ ಕಿತ್ತುಕೊಂಡರು, ಉಳಿದವುಗಳ ಮೇಲೆ ಕಂದಾಯ ಏರಿಸಿದರು. ಹೀಗಾಗಿ ದತ್ತು ಪತ್ರದ ಜಗಳ ವಾಡೆಯ ಗೋಡೆ ದಾಟಿ ಹೊಲದ ಬದುವಿಗೆ ಬಂತು. ರಾಯಣ್ಣನ ಹಿಂದೆ ಅಷ್ಟು ಮಂದಿ ಯಾಕೆ ನಿಂತರು ಅನ್ನೋದಕ್ಕ ಉತ್ತರ ಇಲ್ಲಿ ಐತಿ. ರಾಣಿಯ ಮೇಲಿನ ಅಭಿಮಾನ ಇತ್ತು, ಕಳೆದ ಹೊಲದ ಸಂಕಟವೂ ಇತ್ತು.

📍 ಭಾಗ 6/8: ಸಂಜೆ, ಬೈಲಹೊಂಗಲ

ಈ ಭಾಗಕ್ಕಾಗೇ ಇಡೀ ಸರಣಿ ಬರೆದೀನಿ ಅನ್ಕೊಳ್ರಿ.

ಕಿತ್ತೂರಿಗೆ ಬಂದ ಹತ್ತು ಮಂದಿಯಲ್ಲಿ ಬೈಲಹೊಂಗಲಕ್ಕೆ ಬರೋರು ಎಷ್ಟು ಅಂತ ಸುಮ್ನ ನಿಮ್ಮ ಬಳಗದಾಗ ಕೇಳಿ ನೋಡ್ರಿ. ಕೋಟೆ ಬಿದ್ದ ಮೇಲೆ ಚನ್ನಮ್ಮನನ್ನ ತಂದು ಇಟ್ಟದ್ದು ಬೈಲಹೊಂಗಲದ ಕೋಟೆಯಲ್ಲಿ. 1824ರ ಡಿಸೆಂಬರ್‌ನಿಂದ 1829ರ ಫೆಬ್ರುವರಿ, 4 ವರ್ಷಕ್ಕೂ ಮಿಕ್ಕಿ ಸೆರೆ. ಅಲ್ಲೇ ತೀರಿಕೊಂಡಳು.

ಲೆಕ್ಕ ಮತ್ತೊಮ್ಮೆ ನೋಡ್ರಿ. ನಾವು ಹಬ್ಬ ಮಾಡುವುದು 1 ದಿನದ ಯುದ್ಧಕ್ಕೆ. ಗೆಲುವು ಉಳಿದದ್ದು 43 ದಿನ. ಸೆರೆ 4 ವರ್ಷ.

ಆ ನಾಲ್ಕು ವರ್ಷಗಳ ಮೇಲೆ ಸಿನಿಮಾ ಮಾಡೂದು ಕಷ್ಟ. ಅಲ್ಲಿ ಕುದುರೆ ಇಲ್ಲ, ತೋಪಿಲ್ಲ. ಬಾಗಿಲ ಹೊರಗ ಕಾವಲು, ಒಳಗ ಒಬ್ಬ ಹೆಣ್ಣುಮಗಳು, ಆಕಿಯ ಬಳಗದ ಕೆಲವರು. ತನ್ನ ಸಂಸ್ಥಾನ ಪರರ ಕೈಯಲ್ಲಿರುವಾಗ, ಅಷ್ಟು ಹತ್ತಿರದಲ್ಲಿ, ಗಾಡಿ ಮ್ಯಾಲೆ ಹೋದರೆ ಒಂದು ತಾಸಿನೊಳಗೆ ಮುಟ್ಟುವಷ್ಟು ದೂರದಲ್ಲಿ ಇದ್ದೂ ಆಕಿ ಕಿತ್ತೂರಿಗೆ ತಿರುಗಿ ಹೋಗಲಿಲ್ಲ. ನೀವು ಈಗಷ್ಟೇ ಬಂದ ದಾರಿ ಅದು. ಬೆಳಿಗ್ಗೆ ಕಿತ್ತೂರು ನೋಡಿ ಸಂಜೆ ಇಲ್ಲಿಗೇ ಬರ್ರಿ ಅಂತ ನಾನು ಹಟ ಹಿಡಿಯೋದು ಇದಕ್ಕ. ಆ ದೂರವನ್ನ ಪುಸ್ತಕದಾಗ ಓದಿದರ ತಿಳಿಯೂದಿಲ್ಲ, ದಾರಿ ಸವೆಸಬೇಕು.

ಸಮಾಧಿ ಊರೊಳಗೇ ಐತಿ. ಯಾರನ್ನು ಕೇಳಿದರೂ ದಾರಿ ತೋರಿಸ್ತಾರ. ಚಪ್ಪಲಿ ಹೊರಗ ಬಿಡ್ರಿ. ಫೋಟೊ ತಗೊಳ್ರಿ, ಬ್ಯಾಡ ಅನ್ನೂದಿಲ್ಲ. ತಗೊಂಡ ಮ್ಯಾಲೆ ಫೋನು ಕಿಸೆಯೊಳಗ ಇಟ್ಟು ಹತ್ತು ನಿಮಿಷ ಕುಂಡ್ರಿ.

ಆಮೇಲೆ ಪೇಟೆಯೊಳಗ ಒಂದು ಸುತ್ತು. ಬೈಲಹೊಂಗಲ ಹತ್ತಿ ವ್ಯಾಪಾರಕ್ಕೆ ಹೆಸರಾದ ಊರು. ಮಿರ್ಚಿ ಭಜಿ, ಚಹಾ. ಮೊದಲನೇ ದಿನ ಇಲ್ಲಿಗೆ ಮುಗೀತು. ಬೇಕಂದ್ರ ರಾತ್ರಿ ಇಲ್ಲೇ ಉಳೀರಿ, ಇಲ್ಲಾ ಬೆಳಗಾವಿಗೆ ಹೋಗ್ರಿ.

📍 ಭಾಗ 7/8: ರಾತ್ರಿ ಓದಾಕ

ಚನ್ನಮ್ಮ ತೀರಿಕೊಂಡ ಮರುವರ್ಷ, 1830ರಲ್ಲಿ, ರಾಯಣ್ಣನ ದಂಡು ಸಂಪಗಾಂವಿ ಕಚೇರಿಗೆ ಬೆಂಕಿ ಇಟ್ಟಿತು. ಕಾಗದ ಪತ್ರ ಸುಟ್ಟವು. ಹೊಲ ಕಳಕೊಂಡವರು ಕಚೇರಿಯ ಕಾಗದ ಸುಟ್ಟದ್ದಕ್ಕೆ ಅರ್ಥ ಹೇಳಬೇಕಿಲ್ಲ. ದತ್ತು ಮಗ ಶಿವಲಿಂಗಪ್ಪನನ್ನು ಪಟ್ಟಕ್ಕೆ ಕೂಡಿಸುವುದು ರಾಯಣ್ಣನ ಗುರಿ. ಅಂದರೆ ಆರು ವರ್ಷದ ಹಿಂದಿನ ಅದೇ ಪತ್ರ ಇನ್ನೂ ಜೀವಂತ ಇತ್ತು. ಏಪ್ರಿಲ್‌ನಲ್ಲಿ ನಮ್ಮವರೇ ಹಿಡಿದುಕೊಟ್ಟರು. 1831ರ ಜನವರಿ 26ರಂದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ನಂದಗಡಕ್ಕೆ ಹೋಗೂದಾದರ ಅದಕ್ಕ ಬೇರೆ ಒಂದು ದಿನ ಇಡ್ರಿ.

ಇನ್ನು ಸೆರೆ ಸಿಕ್ಕು ಬದುಕಿ ಹೋದ ವಾಲ್ಟರ್ ಎಲಿಯಟ್. ಕಿತ್ತೂರಿನಲ್ಲಿ ಸಿಕ್ಕಿಬಿದ್ದಾಗ ಅವನಿಗೆ 21 ವರ್ಷ. ಬಿಡುಗಡೆಯಾದ ಮೇಲೂ ಅವನು ನಮ್ಮ ಸೀಮೆಯಲ್ಲೇ ವರ್ಷಗಟ್ಟಲೆ ನೌಕರಿ ಮಾಡಿದ. ಊರೂರಿನ ಶಿಲಾಶಾಸನಗಳ ನಕಲು ಮಾಡಿಸಿದ, ನೂರಾರು ಶಾಸನ ಕೂಡಿಸಿದ. ಚಾಲುಕ್ಯರ ವಂಶಾವಳಿಯನ್ನು ಶಾಸನಗಳ ಆಧಾರದ ಮೇಲೆ ಜೋಡಿಸಿ ಹೊರಜಗತ್ತಿಗೆ ತಿಳಿಸಿದ ಮೊದಲಿಗರಲ್ಲಿ ಅವನೂ ಒಬ್ಬ. ಅಮರಾವತಿ ಸ್ತೂಪದ ಶಿಲ್ಪಗಳನ್ನು ಅಗೆಸಿ ಮದರಾಸಿಗೆ ಸಾಗಿಸಿದವನೂ ಅವನೇ. ಅವು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ.

ಯೋಚನೆ ಮಾಡ್ರಿ. ಸಿಟ್ಟಿನ ಭರದಾಗ ಆ 21ರ ಹುಡುಗನನ್ನ ಕೋಟೆಯೊಳಗ ಮುಗಿಸಿಬಿಟ್ಟಿದ್ದರ ನಮ್ಮ ಎಷ್ಟೋ ಶಾಸನಗಳ ಓದು ತಡವಾಗ್ತಿತ್ತು. ಸೆರೆಯಾಳನ್ನು ನಡೆಸಿಕೊಂಡ ರೀತಿಯಲ್ಲೂ ಒಂದು ಸಂಸ್ಥಾನದ ಘನತೆ ಕಾಣ್ತದ. ಅಕ್ಟೋಬರ್ 23ರ ಗೆಲುವಿನಷ್ಟೇ ಇದನ್ನೂ ನಾವು ಹೆಮ್ಮೆಯಿಂದ ಹೇಳಬೇಕು.

📍 ಭಾಗ 8/8: ಎರಡನೇ ದಿನಕ್ಕ ಉಳಿಸಿದ್ದು

"ಸವದತ್ತಿ, ರಾಮದುರ್ಗ ಬಿಟ್ರಲ್ರಿ" ಅಂತೀರಿ. ಬಿಟ್ಟಿಲ್ಲ, ನಾಳೆಗೆ ಇಟ್ಟೀನಿ.

ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ, ರಟ್ಟರ ಮೊದಲ ರಾಜಧಾನಿ. ಆಮೇಲೆ ಅವರು ವೇಣುಗ್ರಾಮಕ್ಕೆ, ಅಂದರೆ ಇವತ್ತಿನ ಬೆಳಗಾವಿಗೆ ಹೋದರು. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿ ಅವರ ಕಾಲದ್ದೇ. ದೊಡ್ಡ ನಗರ ಅಂತ ನೀವು ಕರೆಯುವ ಬೆಳಗಾವಿಯ ಬೇರು ಸವದತ್ತಿಯಲ್ಲಿ ಐತಿ. ಅಲ್ಲಿನ ಕೋಟೆ 18ನೇ ಶತಮಾನದ್ದು, ಶಿರಸಂಗಿ ದೇಸಾಯರು ಕಟ್ಟಿಸಿದ್ದು. ಆ ಮನೆತನದ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ಬಡ ವಿದ್ಯಾರ್ಥಿಗಳ ಓದಿಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು. ಹತ್ತಿರದಲ್ಲೇ ಯಲ್ಲಮ್ಮನ ಗುಡ್ಡ, ಜೋಗುಳಬಾವಿ, ನವಿಲುತೀರ್ಥದ ಅಣೆಕಟ್ಟು. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಿಟ್ಟು ಹೋದರೆ ನೂಕುನುಗ್ಗಲು ಕಡಿಮೆ. ಭಕ್ತಿಯಿಂದ ಹೋಗೋರು ಹುಣ್ಣಿಮೆಗೇ ಹೋಗ್ರಿ, ಆ ಜನಸಾಗರ ನೋಡೂದೂ ಒಂದು ಪುಣ್ಯ.

ರಾಮದುರ್ಗದಲ್ಲಿ ನಮ್ಮ ಎಳೆ ಮತ್ತೆ ಸಿಗುತ್ತದೆ. ರಾಮದುರ್ಗ ಮತ್ತು ನರಗುಂದ ಎರಡೂ ಭಾವೆ ಮನೆತನದ ಸಂಸ್ಥಾನಗಳು. ನರಗುಂದದ ಬಾಬಾಸಾಹೇಬನಿಗೆ ಮಗ ಉಳಿಯಲಿಲ್ಲ. ದತ್ತು ತಗೋತೀನಿ ಅಂದರೆ ಸರಕಾರ ಒಪ್ಪಲಿಲ್ಲ. 1858ರ ಮೇ 29ರ ರಾತ್ರಿ, ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನನ್ನು ಅವನ ದಂಡು ಕೊಂದಿತು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು. 1824ರಲ್ಲಿ ಕಿತ್ತೂರು, 1858ರಲ್ಲಿ ನರಗುಂದ. ನಡುವೆ 34 ವರ್ಷ, ಜಗಳ ಅದೇ: ನಮ್ಮ ಮನೆಗೆ ವಾರಸುದಾರ ಯಾರು ಅಂತ ಹೇಳೂ ಹಕ್ಕು ಯಾರದು?

ರಾಮದುರ್ಗ ಸಂಸ್ಥಾನ ಮಾತ್ರ ಉಳಿಯಿತು. ಆದರೆ 1939ರ ಏಪ್ರಿಲ್‌ನಲ್ಲಿ ಅಲ್ಲಿನ ಪ್ರಜೆಗಳೇ ರಾಜನ ಆಡಳಿತದ ವಿರುದ್ಧ ಎದ್ದು ಜೈಲಿಗೆ ನುಗ್ಗಿದರು, ಎರಡೂ ಕಡೆ ಜೀವ ಹೋದವು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಸೇರಿತು. ಅಷ್ಟೊತ್ತಿಗೆ ಪ್ರಶ್ನೆ ಬದಲಾಗಿತ್ತು. ರಾಜನ ವಾರಸುದಾರ ಯಾರು ಅಂತ ಕೇಳೋರಿಲ್ಲ, ರಾಜ ಯಾಕೆ ಬೇಕು ಅಂತ ಜನ ಕೇಳಾಕ ಹತ್ತಿದ್ದರು.

ಇಷ್ಟನ್ನೂ ಒಂದೇ ದಿನದಾಗ ತುರುಕಬ್ಯಾಡ್ರಿ. ಮೊದಲ ದಿನ ಎರಡು ಊರು ಸಾಕು. ನೀವು ಬಂದರ ಬೈಲಹೊಂಗಲದಿಂದ ಒಂದು ಫೋಟೊ ಹಾಕ್ರಿ, ನಮ್ಮನ್ನ ಟ್ಯಾಗ್ ಮಾಡ್ರಿ. ಕಿತ್ತೂರು ಕೋಟೆಯ ಫೋಟೊ ಹೆಂಗೂ ಹಾಕೇ ಹಾಕ್ತೀರಿ.

ಮುಂದಿನ ಸರಣಿ: ಸವದತ್ತಿ, ಸುಗಂಧವರ್ತಿ ಇದ್ದಾಗ.

#ಕಿತ್ತೂರು #ಬೈಲಹೊಂಗಲ #ಸಂಗೊಳ್ಳಿ #ಸವದತ್ತಿ #ರಾಮದುರ್ಗ #ನಮ್ಮಇತಿಹಾಸ